ಎದುರಿಗಿರುವವರ ಹಕ್ಕು

(ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಜಮಾಅತಿನ ಮುಂದೆ ನೀಡಿದ ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನನ್ನು ಸ್ತುತಿಸುತ್ತ, ಪ್ರವಾದಿ ಮುಹಮ್ಮದ್(ಸ)ರ ಮೇಲೆ ದುರೂದ್ ಹೇಳುತ್ತ ಇಂದಿನ ಮಾತನ್ನು ಆರಂಭಿಸೋಣ. ಗೌರವಾನ್ವಿತ ಸಹೋದರರೇ, ಮನೆಯಲ್ಲಿ ಕುಳಿತು ಈ ಸಾರಾಂಶವನ್ನು ಓದುವ ಸಹೋದರಿಯರೇ, ಅಲ್ಲಾಹನ ಭಯಭಕ್ತಿಯನ್ನು ಸದಾ ಮನಸ್ಸಿನಲ್ಲಿ ಇಟ್ಟುಕೊಳ್ಳೋಣವೆಂದು ಮೊದಲಾಗಿ ನಮಗೂ ನಿಮಗೂ ನೆನಪಿಸುತ್ತೇವೆ.

ನಸಾಈ ಗ್ರಂಥದಲ್ಲಿ ಇಬ್ನು ಅಬ್ಬಾಸ್(ರ)ರಿಂದ ವರದಿಯಾದ ಒಂದು ಚಿಕ್ಕ ಹದೀಸ್ ಇದೆ. ಪ್ರವಾದಿ(ಸ) ಒಂದು ಉಂಗುರ ಧರಿಸಿದ್ದರು. ಸಂಗಾತಿಗಳ ನಡುವೆ ಇದ್ದಾಗ ಅವರ ದೃಷ್ಟಿ ಒಮ್ಮೆ ಉಂಗುರದ ಕಡೆಗೆ, ಒಮ್ಮೆ ಸಂಗಾತಿಗಳ ಕಡೆಗೆ ಹೋಗುತ್ತಿತ್ತು. ಇದು ಇವತ್ತು ತಮ್ಮ ಗಮನವನ್ನು ಸಂಗಾತಿಗಳಿಂದ ಸೆಳೆದುಕೊಂಡಿತು ಎಂದು ಹೇಳಿ ಅವರು ಆ ಉಂಗುರವನ್ನು ತೆಗೆದು ಎಸೆದುಬಿಟ್ಟರು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ನಮ್ಮ ಎದುರಿಗೆ ಕುಳಿತವರಿಗೆ ನಮ್ಮ ಕಣ್ಣಿನ ಮೇಲೆ, ಕಿವಿಯ ಮೇಲೆ ಹಕ್ಕಿದೆ. ಎರಡು, ಆ ಹಕ್ಕಿಗೆ ಅಡ್ಡ ಬಂದ ವಸ್ತುವನ್ನು ಪ್ರವಾದಿ(ಸ) ನಾಳೆ ನೋಡೋಣ ಎಂದು ಬಿಡಲಿಲ್ಲ, ಆಗಲೇ ದೂರ ಮಾಡಿದರು. ಅವರು ಯಾರ ಕಡೆಗಾದರೂ ತಿರುಗಿದರೆ ಬರೀ ಕತ್ತು ತಿರುಗಿಸದೆ ಇಡೀ ದೇಹದೊಂದಿಗೆ ತಿರುಗುತ್ತಿದ್ದರು, ಕೈ ಹಿಡಿದವರು ತಾವಾಗಿ ಬಿಡುವವರೆಗೆ ಕೈ ಬಿಡಿಸಿಕೊಳ್ಳುತ್ತಿರಲಿಲ್ಲ ಎಂದು ತಿರ್ಮಿದಿಯ ವರದಿಗಳಲ್ಲಿ ಬಂದಿದೆ. ಒಂದು ಸಮುದಾಯವನ್ನೇ ಮುನ್ನಡೆಸುತ್ತಿದ್ದವರು ಅವರು. ಅವರಿಗಿಂತ ಹೆಚ್ಚು ಕೆಲಸದ ಒತ್ತಡ ನಮಗೆ ಯಾರಿಗೂ ಇಲ್ಲ.

ಆ ಉಂಗುರ ಸದ್ದು ಮಾಡುತ್ತಿರಲಿಲ್ಲ, ಬೆಳಕು ಹಾಯಿಸುತ್ತಿರಲಿಲ್ಲ, ರಾತ್ರಿ ಹನ್ನೆರಡಕ್ಕೆ ಎಬ್ಬಿಸುತ್ತಿರಲಿಲ್ಲ. ನಮ್ಮ ಜೇಬಿನಲ್ಲಿರುವ ಉಂಗುರ ಇದೆಲ್ಲವನ್ನೂ ಮಾಡುತ್ತದೆ. ಅದಕ್ಕೊಂದು ನೋಟ, ಮನೆಯವರಿಗೊಂದು ನೋಟ ಎಂಬ ಲೆಕ್ಕವೂ ಈಗ ಉಳಿದಿಲ್ಲ. ಅದಕ್ಕೆ ಹತ್ತು ನೋಟ, ಮನೆಯವರಿಗೆ ಅರ್ಧ ನೋಟ.

ದೂರದವರು ಹತ್ತಿರ, ಹತ್ತಿರದವರು ದೂರ

ಮೊಬೈಲ್ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಅದು ಅಲ್ಲಾಹನು ಕೊಟ್ಟ ನಿಅಮತ್‌ಗಳಲ್ಲಿ ಒಂದು. ನಮ್ಮ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ, ಬಳ್ಳಾರಿಯಲ್ಲಿ, ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಮೊಳಕಾಲ್ಮೂರಿನಲ್ಲಿ ಕುಳಿತ ದಾದಿ, ಸಮುದ್ರದಾಚೆ ಹುಟ್ಟಿದ ಮೊಮ್ಮಗನ ಮುಖವನ್ನು ವಿಡಿಯೋ ಕಾಲಿನಲ್ಲಿ ನೋಡಿ ಕಣ್ಣು ಒರೆಸಿಕೊಳ್ಳುತ್ತಾಳೆ. ಹಿಂದೆ ಒಂದು ಕಾಗದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ರಕ್ತಸಂಬಂಧವನ್ನು ಉಳಿಸಿಕೊಳ್ಳಲು ಹೀಗೆ ಬಳಸುವ ಫೋನು ಪುಣ್ಯದ ಸಾಧನವೇ ಸರಿ.

ತೊಂದರೆ ಇರುವುದು ಕರೆ ಮುಗಿದ ಮೇಲೆ. ದೂರದ ಮೊಮ್ಮಗನನ್ನು ತೋರಿಸಿದ ಅದೇ ಫೋನನ್ನು ಹಿಡಿದುಕೊಂಡು ಹತ್ತಿರದ ಮೊಮ್ಮಗ ಮೂಲೆ ಸೇರುತ್ತಾನೆ. ದಾದಿ ಮಾತಾಡಿಸಿದರೆ ತಲೆ ಎತ್ತದೆ 'ಹ್ಞೂಂ' ಎನ್ನುತ್ತಾನೆ. ಮುಪ್ಪಿಗೆ ಬಂದ ತಂದೆತಾಯಿಯ ಮುಂದೆ 'ಉಫ್' ಎಂಬ ಸಣ್ಣ ಉದ್ಗಾರವನ್ನೂ ತೆಗೆಯಬಾರದೆಂದು ಕುರ್‌ಆನಿನ 17ನೇ ಅಧ್ಯಾಯ ನಮ್ಮನ್ನು ತಡೆದಿದೆ. ಪರದೆಯಿಂದ ಕಣ್ಣು ಕೀಳದೆ ಹೇಳುವ ಆ 'ಹ್ಞೂಂ' ಯಾವ 'ಉಫ್'ಗಿಂತ ಕಡಿಮೆ? ಹಿರಿಯರಿಗೆ ನಮ್ಮ ಮನೆಗಳಲ್ಲಿ ಊಟಕ್ಕೆ, ಔಷಧಿಗೆ ಕೊರತೆ ಇಲ್ಲದಿರಬಹುದು. ಅವರ ಕೊರತೆ ಬೇರೆ. ಅವರ ಮಾತಿಗೆ ಕೇಳುವವರಿಲ್ಲ.

ಹುಡುಗರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದಲೋ ಶೇಂಗಾ ಮಂಡಿಯಿಂದಲೋ ಸಂಜೆ ಮನೆಗೆ ಬರುವ ತಂದೆ ಚಪ್ಪಲಿ ಬಿಡುವ ಮೊದಲೇ ಫೋನು ತೆಗೆಯುತ್ತಾನೆ. ಮಗಳು ಶಾಲೆಯ ವಿಷಯ ಹೇಳಲು ಎರಡು ಬಾರಿ 'ಅಬ್ಬಾ' ಎಂದು ಕರೆದು, ಮೂರನೇ ಬಾರಿ ಸುಮ್ಮನಾಗುತ್ತಾಳೆ. ನಮಾಝಿನಲ್ಲಿ ಮಗುವಿನ ಅಳು ಕೇಳಿದರೆ ತಾಯಿಗೆ ಕಷ್ಟವಾಗಬಾರದೆಂದು ಪ್ರವಾದಿ(ಸ) ನಮಾಝನ್ನೇ ಚಿಕ್ಕದು ಮಾಡುತ್ತಿದ್ದರೆಂದು ಬುಖಾರಿಯಲ್ಲಿದೆ. ಅಲ್ಲಾಹನ ಆರಾಧನೆಯನ್ನು ಮಗುವಿಗಾಗಿ ಚಿಕ್ಕದು ಮಾಡಬಹುದಾದರೆ, ಒಂದು ರೀಲನ್ನು ಅರ್ಧಕ್ಕೆ ನಿಲ್ಲಿಸಲು ನಮಗೇನು ಕಷ್ಟ?

ಕಷ್ಟವಾಗುವಂತೆಯೇ ಅದನ್ನು ಮಾಡಲಾಗಿದೆ ಎಂಬುದೂ ನಿಜ. ಕೊನೆಯೇ ಇಲ್ಲದೆ ಕೆಳಗೆ ಉರುಳುತ್ತ ಹೋಗುವ ಪರದೆಯನ್ನು 2006ರಲ್ಲಿ ರೂಪಿಸಿದವರು ಅಝಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞರು. ಜನರ ಸಮಯವನ್ನು ಅದು ನುಂಗುತ್ತಿದೆಯೆಂದು ಮುಂದೆ ಅವರೇ ವಿಷಾದಪಟ್ಟರು. ಪುಸ್ತಕಕ್ಕೆ ಕೊನೆಯ ಪುಟವಿದೆ, ಊಟಕ್ಕೆ ಹೊಟ್ಟೆಯ ಮಿತಿಯಿದೆ. ಈ ಪರದೆಗೆ ಎರಡೂ ಇಲ್ಲ. ಆದ್ದರಿಂದ ಅದು ತಾನಾಗಿ ನಿಲ್ಲಲೆಂದು ಕಾಯಬಾರದು, ನಾವೇ ನಿಲ್ಲಿಸಬೇಕು.

ಬೆರಳಿನಿಂದ ತೀರದ ಹಕ್ಕುಗಳು

ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲೆ ಆರು ಹಕ್ಕುಗಳಿವೆ ಎಂದು ಮುಸ್ಲಿಮ್ ಗ್ರಂಥದ ಹದೀಸ್ ಕಲಿಸುತ್ತದೆ. ಸಿಕ್ಕಾಗ ಸಲಾಮ್ ಹೇಳುವುದು, ಕರೆದರೆ ಹೋಗುವುದು, ಸಲಹೆ ಕೇಳಿದರೆ ಹಿತ ಹೇಳುವುದು, ಸೀನಿ ಅಲ್ಲಾಹನನ್ನು ಸ್ತುತಿಸಿದವರಿಗೆ ದುಆ ಮಾಡುವುದು, ಕಾಯಿಲೆ ಬಿದ್ದರೆ ನೋಡಲು ಹೋಗುವುದು, ತೀರಿಕೊಂಡರೆ ಜನಾಝಾದ ಹಿಂದೆ ನಡೆಯುವುದು. ಇವುಗಳನ್ನು ಒಂದೊಂದಾಗಿ ಯೋಚಿಸಿ ನೋಡಿ. ಹೆಚ್ಚಿನವಕ್ಕೆ ಕಾಲು ಬೇಕು, ಹೆಗಲು ಬೇಕು, ಪಕ್ಕದಲ್ಲಿ ಇರಬೇಕು.

ಇಂದು ಒಬ್ಬರು ಆಸ್ಪತ್ರೆ ಸೇರಿದ ಸುದ್ದಿ ಗ್ರೂಪಿಗೆ ಬಂದರೆ ಕೈಮುಗಿದ ಚಿತ್ರಗಳು, 'ಆಮೀನ್'ಗಳು ಸಾಲುಗಟ್ಟುತ್ತವೆ. ಸಾವಿನ ಸುದ್ದಿ ಬಂದರೆ ಸಂತಾಪದ ವಾಕ್ಯವನ್ನು ಒಬ್ಬರಿಂದ ಒಬ್ಬರು ಕಾಪಿ ಮಾಡಿ ಹಾಕುತ್ತಾರೆ. ದುಆ ಮಾಡುವುದು ಒಳ್ಳೆಯದೇ. ಆದರೆ ಎರಡು ಬೀದಿ ಆಚೆ ಇರುವವರು ಅಷ್ಟಕ್ಕೇ ತಮ್ಮ ಹಕ್ಕು ತೀರಿತೆಂದು ಭಾವಿಸಿದರೆ, ಹಾಸಿಗೆ ಹಿಡಿದವರ ಪಕ್ಕದಲ್ಲಿ ಕೂರುವವರು ಯಾರು? ರಾತ್ರಿ ಚಿತ್ರದುರ್ಗಕ್ಕೆ ಕರೆದೊಯ್ಯಲು ಗಾಡಿ ಹೊಂದಿಸುವವರು ಯಾರು? ಕೊನೆಗೆ ಹೆಗಲು ಕೊಡುವವರು ಯಾರು?

ನೆರೆಯವರ ವಿಷಯವೂ ಹೀಗೆಯೇ. ಸಾರು ಮಾಡಿದರೆ ನೀರು ಹೆಚ್ಚಿಗೆ ಹಾಕಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ) ಅಬೂ ಝರ್(ರ)ರಿಗೆ ಉಪದೇಶಿಸಿದ್ದರು. ಈಗ ನಮ್ಮ ಮನೆಯ ಬಿರಿಯಾನಿಯ ಫೋಟೋ ಸ್ಟೇಟಸ್ಸಿನಲ್ಲಿ ಪಕ್ಕದ ಮನೆಗೆ ತಲುಪುತ್ತದೆ, ತಟ್ಟೆ ತಲುಪುವುದಿಲ್ಲ. ಮಳೆ ಕೈಕೊಟ್ಟು ಶೇಂಗಾ ಕೈಗೆ ಬಾರದ ವರ್ಷ ಆ ಫೋಟೋ ನೋಡಿದ ನೆರೆಯವರ ಮಕ್ಕಳಿಗೆ ಏನನ್ನಿಸುತ್ತದೆಂದು ಯೋಚಿಸಬೇಕು. ಆ ನೆರೆಯವರು ಮುಸ್ಲಿಮರೇ ಆಗಿರಬೇಕೆಂದಿಲ್ಲ. ನೆರೆಯವರ ಹಕ್ಕು ಎಲ್ಲ ನೆರೆಯವರಿಗೂ ಸೇರಿದ್ದು.

ಮುಯ್ಯಿಗೆ ಮುಯ್ಯಿ ಅಲ್ಲ

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಎಲ್ಲರಿಗೂ ಗೊತ್ತು. ಇಂದು ನಮ್ಮ ಹೊಲಕ್ಕೆ ನೀವು ಬಂದರೆ, ನಾಳೆ ನಿಮ್ಮ ಹೊಲಕ್ಕೆ ನಾವು. ಕೆಲಸಕ್ಕೆ ಇದು ಸರಿ. ಆದರೆ ರಕ್ತಸಂಬಂಧ ಹೀಗಲ್ಲ. ಕೊಟ್ಟಷ್ಟೇ ಹಿಂತಿರುಗಿಸುವವನು ಸಂಬಂಧ ಜೋಡಿಸುವವನಲ್ಲ, ಇನ್ನೊಬ್ಬರು ಕಡಿದುಕೊಂಡಾಗಲೂ ತಾನು ಹೋಗಿ ಜೋಡಿಸುವವನೇ ನಿಜವಾಗಿ ಜೋಡಿಸುವವನು ಎಂಬುದು ಬುಖಾರಿಯಲ್ಲಿರುವ ಪ್ರವಾದಿ(ಸ)ರ ಬೋಧನೆ.

ಸೋಶಿಯಲ್ ಮೀಡಿಯಾ ನಮ್ಮನ್ನು ಮತ್ತೆ ಮುಯ್ಯಿಯ ಲೆಕ್ಕಕ್ಕೇ ಎಳೆಯುತ್ತಿದೆ. ಅವರ ಮಗಳ ನಿಕಾಹ್ ಫೋಟೋಗೆ ನಾವು ಲೈಕ್ ಕೊಟ್ಟೆವು, ನಮ್ಮ ಮಗನ ರಿಸಲ್ಟಿಗೆ ಅವರು ಏನೂ ಹಾಕಲಿಲ್ಲ. ನೀಲಿ ಟಿಕ್ ಬಂದಿದೆ, ಓದಿಯೂ ಉತ್ತರಿಸಿಲ್ಲ. ಸ್ಟೇಟಸ್ ನಮ್ಮನ್ನೇ ಕುರಿತು ಹಾಕಿದ್ದು. ಹೀಗೆ ಹೊಟ್ಟೆಯಲ್ಲಿ ಇಟ್ಟುಕೊಂಡು ಒಂದು ದಿನ ಖಾಲಾನ ಮಗ ಗ್ರೂಪ್ ಬಿಟ್ಟು ಹೋಗುತ್ತಾನೆ, ಮಾಮುವನ್ನು ಬ್ಲಾಕ್ ಮಾಡಲಾಗುತ್ತದೆ, ಈದ್‌ಗೆ ಆ ಮನೆಯ ಬಾಗಿಲು ತಟ್ಟುವುದು ನಿಲ್ಲುತ್ತದೆ. ಗಂಡಹೆಂಡಿರು ಒಬ್ಬರ ಫೋನನ್ನು ಇನ್ನೊಬ್ಬರು ಕದ್ದು ನೋಡುವ ಮಟ್ಟಕ್ಕೆ ಅನುಮಾನ ಬೆಳೆಯುತ್ತದೆ. ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ಕೆಟ್ಟ ಊಹೆ, ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಈ ಮೂರನ್ನೂ ಒಂದೇ ವಚನದಲ್ಲಿ ನಿಷೇಧಿಸಿದ್ದಾನೆ. ಮೊದಲನೆಯದು ಎರಡನೆಯದಕ್ಕೂ, ಎರಡನೆಯದು ಮೂರನೆಯದಕ್ಕೂ ದಾರಿ ಮಾಡುತ್ತದೆಂದು ಅನುಭವ ಇರುವವರಿಗೆಲ್ಲ ಗೊತ್ತು.

ಮೊಳಕಾಲ್ಮೂರಿನವರಿಗೆ ಮಗ್ಗದ ವಿಷಯ ಹೇಳಿಕೊಡಬೇಕಿಲ್ಲ. ರೇಷ್ಮೆ ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಒಂದು ಎಳೆ ತುಂಡಾದರೆ ನೇಕಾರ ಲಾಳಿಯನ್ನು ನಿಲ್ಲಿಸಿ, ಬಗ್ಗಿ, ತುದಿಗಳನ್ನು ಹುಡುಕಿ ಗಂಟು ಹಾಕುತ್ತಾನೆ. ಆಮೇಲೆ ನೋಡೋಣ ಎಂದು ಮುಂದುವರಿಸಿದರೆ ಆ ದೋಷ ಬಟ್ಟೆಯುದ್ದಕ್ಕೂ ಬರುತ್ತದೆ. ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಸಲ್ಲದೆಂದು ಪ್ರವಾದಿ(ಸ) ಕಲಿಸಿದರು. ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನೆಂದರು. ಮೂರು ದಿನದೊಳಗೆ ಗಂಟು ಬೀಳಬೇಕು. ಮೆಸೇಜಿನಲ್ಲಿ ಮುರಿದದ್ದನ್ನು ಮೆಸೇಜಿನಲ್ಲೇ ಜೋಡಿಸಲು ಹೋದರೆ ಜಗಳ ಬೆಳೆಯುವುದೇ ಹೆಚ್ಚು. ಎದ್ದು ಅವರ ಮನೆಗೆ ಹೋಗಬೇಕು.

ಬಂಡೆಯ ಸಂದೇಶ, ಫಾರ್ವರ್ಡ್ ಸಂದೇಶ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಸಂದೇಶ 2,200 ವರ್ಷಕ್ಕೂ ಹಳೆಯದು. ಅದರಲ್ಲಿ ಇರುವುದೇನು? ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಂದಿಗೆ ಸರಿಯಾಗಿ ನಡೆದುಕೊಳ್ಳಬೇಕು ಎಂಬ ಅರ್ಥದ ಮಾತುಗಳು. ಸಂಬಂಧಗಳ ಈ ಪಾಠ ನಮ್ಮ ಮಣ್ಣಿಗೆ ಹೊಸದಲ್ಲ. ಒಂದೊಂದು ಅಕ್ಷರಕ್ಕೂ ಉಳಿ ಹಿಡಿಯಬೇಕಾದವನು ಬೇಡದ್ದನ್ನು ಕೆತ್ತುವುದಿಲ್ಲ. ಬೆರಳು ಒತ್ತಿದರೆ ಸಾಕು ಎನ್ನುವವನು ಏನನ್ನಾದರೂ ಕಳಿಸುತ್ತಾನೆ.

ಹೀಗೆ ಕಳಿಸಿದ್ದರ ಬೆಲೆಯನ್ನು ನಮ್ಮ ರಾಜ್ಯ ಕಂಡಿದೆ. 2018ರ ಜುಲೈ 13, ಅದೂ ಶುಕ್ರವಾರವೇ. ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸ್‌ಆ್ಯಪಿನಲ್ಲಿ ಅವರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಅವರ ಕಾರನ್ನು ತಡೆದ ಗುಂಪು ಹಲ್ಲೆ ಮಾಡಿತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. ಎದುರಿಗೆ ಜೀವಂತ ಮನುಷ್ಯರಿದ್ದರು. ಅವರ ಮಾತಿಗಿಂತ ಫೋನಿನ ಮಾತು ಆ ಗುಂಪಿಗೆ ದೊಡ್ಡದಾಯಿತು. ಸುದ್ದಿ ಬಂದರೆ ಪರಿಶೀಲಿಸಿರಿ ಎಂಬ ಆದೇಶ ಹುಜುರಾತ್ ಅಧ್ಯಾಯದಲ್ಲೇ ಇದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳನಾಗಲು ಸಾಕೆಂದು ಹದೀಸ್ ಎಚ್ಚರಿಸಿದೆ. ಮೊದಲು ಐದು ಜನಕ್ಕೆ ಮಿತಿ ಹಾಕಿಕೊಳ್ಳಬೇಕಾದವರು ಕಂಪನಿಯವರಲ್ಲ, ನಾವು.

ಈ ವಾರದಿಂದಲೇ

ಸಹೋದರರೇ, ಕೇಳಿ ಎದ್ದು ಹೋಗುವ ಮಾತಾಗಿ ಇದು ಉಳಿಯಬಾರದು. ನಾವೆಲ್ಲರೂ ಮಾಡಬಹುದಾದ ಐದು ಕೆಲಸಗಳನ್ನು ಹೇಳುತ್ತೇವೆ.

ಒಂದು, ಮಗ್ರಿಬ್‌ನಿಂದ ಇಶಾವರೆಗೆ ಮನೆಯ ಎಲ್ಲ ಫೋನುಗಳೂ ಒಂದೇ ಗೂಡಿನಲ್ಲಿರಲಿ. ಮೊದಲು ತಂದೆಯ ಫೋನು, ಆಮೇಲೆ ಮಕ್ಕಳದು. ತುರ್ತು ಕರೆ ಬಂದರೆ ಸದ್ದು ಕೇಳಿಸುತ್ತದೆ. ಆ ಹೊತ್ತಿನಲ್ಲಿ ದಸ್ತರ್‌ಖಾನಿನ ಸುತ್ತ ಎಲ್ಲರೂ ಕೂಡಿ ಊಟ ಮಾಡೋಣ.

ಎರಡು, ಪ್ರತಿ ಜುಮಾದ ನಂತರ ಒಂದು ಮನೆಗೆ ಕಾಲ್ನಡೆಯಲ್ಲಿ ಹೋಗೋಣ. ರೋಗಿ, ವಿಧವೆ, ಒಂಟಿ ವೃದ್ಧರು, ಮಾತು ಬಿಟ್ಟ ಬಂಧು ಇವರಲ್ಲಿ ಯಾರಾದರೂ ಸರಿ. ಅಲ್ಲಿ ಫೋಟೋ ತೆಗೆಯುವುದು ಬೇಡ.

ಮೂರು, ಗ್ರೂಪಿನಲ್ಲಿ ಮನಸ್ತಾಪವಾದರೆ ಅಲ್ಲಿ ಉತ್ತರ ಬರೆಯದೆ ಮೂರು ದಿನದೊಳಗೆ ಮನೆಗೆ ಹೋಗಿ ಸಲಾಮ್ ಹೇಳೋಣ.

ನಾಲ್ಕು, ಕಣ್ಣಾರೆ ಕಾಣದ, ಮೂಲ ಗೊತ್ತಿಲ್ಲದ ಸುದ್ದಿಯನ್ನು ಮುಂದಕ್ಕೆ ಕಳಿಸದಿರೋಣ. ಅದು ಧರ್ಮದ ಹೆಸರಿನಲ್ಲಿ ಬಂದಿದ್ದರೂ ಸರಿಯೇ.

ಐದು, ಮಸೀದಿಯ ಬಾಗಿಲಲ್ಲಿ ಫೋನು ಆಫ್ ಆಗಲಿ. ಖುತ್ಬಾದ ವೇಳೆ ನೆಲದ ಹರಳನ್ನು ಮುಟ್ಟುತ್ತ ಕೂರುವುದನ್ನೂ ವ್ಯರ್ಥ ಕೆಲಸವೆಂದು ಪ್ರವಾದಿ(ಸ) ಹೇಳಿದ್ದರು. ನಮ್ಮ ಕೈಯಲ್ಲಿರುವುದು ಹರಳಿಗಿಂತ ಹೆಚ್ಚು ಎಳೆಯುವ ವಸ್ತು.

ನಾಳೆ ಅಲ್ಲಾಹನ ಮುಂದೆ ನಿಂತಾಗ ನಮ್ಮನ್ನು ಹಿಂಬಾಲಿಸಿದವರ ಸಂಖ್ಯೆ ಉಪಯೋಗಕ್ಕೆ ಬಾರದು. ತಾಯಿ, ತಂದೆ, ಸಂಗಾತಿ, ಮಕ್ಕಳು, ಬಂಧುಗಳು, ನೆರೆಯವರು ತಮ್ಮ ತಮ್ಮ ಹಕ್ಕನ್ನು ಹಿಡಿದುಕೊಂಡು ಬರುತ್ತಾರೆ. ಅವರೆಲ್ಲ ಇಂದು ನಮ್ಮ ಕಣ್ಣೆದುರಿಗೇ ಇದ್ದಾರೆ. ಅವರು ಇರುವಾಗಲೇ ತಲೆ ಎತ್ತಿ ನೋಡೋಣ.

ಅಲ್ಲಾಹನೇ, ನಮ್ಮ ಮನೆಗಳಲ್ಲಿ ಪ್ರೀತಿಯನ್ನೂ ಶಾಂತಿಯನ್ನೂ ನೆಲೆಗೊಳಿಸು. ಮುರಿದ ಸಂಬಂಧಗಳನ್ನು ಜೋಡಿಸುವ ಧೈರ್ಯ ಕೊಡು. ನಮ್ಮ ಕಣ್ಣು, ಕಿವಿ, ನಾಲಿಗೆ, ಬೆರಳುಗಳನ್ನು ನಿನಗೆ ಮೆಚ್ಚುಗೆಯಾಗುವ ಕೆಲಸದಲ್ಲಿ ತೊಡಗಿಸು. ದೂರದ ಊರುಗಳಲ್ಲಿ ದುಡಿಯುವ ನಮ್ಮ ಮಕ್ಕಳನ್ನು ಕಾಪಾಡು. ಈ ನೆಲಕ್ಕೆ ಮಳೆ ಬೆಳೆಯನ್ನು ಕರುಣಿಸು. ಆಮೀನ್.