ಹಸುವಿನ ಸೆಕೆಯನ್ನು ಅಳೆಯುವುದು ಹೇಗೆ?

(ಕೋಡಂಬಾಕ್ಕಂ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕೋಡಂಬಾಕ್ಕದಲ್ಲಿ ಕುಳಿತು ದನದ ಮಾತೇಕೆಂದು ಕೆಲವರಿಗೆ ನಗು ಬಂದೀತು. ನಮ್ಮಲ್ಲಿ ಹೋಟೆಲಿನಲ್ಲಿ ದುಡಿಯುವವರಿದ್ದಾರೆ, ಗುಮಾಸ್ತರಿದ್ದಾರೆ, ಕನ್ನಡ ಚಿತ್ರಗಳು ಇಲ್ಲಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಬಂದು ನಿಂತವರ ಮಕ್ಕಳಿದ್ದಾರೆ. ಇಲ್ಲಿ ಹಸು ಕಟ್ಟಿದವರು ಯಾರೂ ಇಲ್ಲ. ಆದರೆ ಊರಿನ ಕೊಟ್ಟಿಗೆಯಲ್ಲಿರುವ ಸೀಮೆಹಸುವಿನ ಸಾಲದ ಕಂತು ನಮ್ಮ ಸಂಬಳದಿಂದಲೇ ಹೋಗುವುದುಂಟಷ್ಟೆ.

ನನ್ನ ಅಕ್ಕನ ಮನೆ ಮುಳಬಾಗಿಲಿನ ಕಡೆ. ಸಾಲಮಾಡಿ ಕೊಂಡ ಹಸು. ದಿನಕ್ಕೆ 14 ಲೀಟರು ಕೊಡುತ್ತಿದ್ದುದು ಒಂದು ಏಪ್ರಿಲಿನಲ್ಲಿ 9ಕ್ಕೆ ಇಳಿಯಿತು. ಡೈರಿಯಲ್ಲಿ ಕೊಬ್ಬಿನ ಅಂಶವೂ ಕಡಿಮೆ ಬಂತು. ದೃಷ್ಟಿಯಾಯಿತೆಂದರು ಒಬ್ಬರು, ಜ್ವರವೆಂದರು ಇನ್ನೊಬ್ಬರು. ಔಷಧಕ್ಕೆ ದುಡ್ಡು ಹೋಯಿತೇ ಹೊರತು ಹಾಲು ಏರಲಿಲ್ಲ. ಸೆಕೆಯಿರಬಹುದೇ ಎಂದು ನಾನು ಕೇಳಿದರೆ, “ಫೋನಿನಲ್ಲಿ 34 ಡಿಗ್ರಿ ಅಂತ ತೋರಿಸ್ತಿದೆ ಮಾವ, ಇದೇನು ಮಹಾ ಬಿಸಿಲು?” ಎಂದ ಅಕ್ಕನ ಮಗ.

ಅವನ ತಪ್ಪಲ್ಲ. ಬರಿಯ ಡಿಗ್ರಿ ಅರ್ಧ ಸತ್ಯವನ್ನೇ ಹೇಳುತ್ತದೆ. ಬೆವರು ಆರಿದರೆ ಮೈ ತಂಪಾಗುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ಬೆವರು ಆರುವುದೆಲ್ಲಿಂದ ಬಂತು? ಇದು ಮದರಾಸಿನಲ್ಲಿ ಒಂದು ಮೇ ತಿಂಗಳು ಕಳೆದ ಯಾರಿಗೂ ಹೇಳಿಕೊಡಬೇಕಾದ ಪಾಠವಲ್ಲ. ಆದ್ದರಿಂದ ವಿದ್ವಾಂಸರು ಎರಡು ಉಷ್ಣಮಾಪಕಗಳನ್ನಿಡುತ್ತಾರೆ: ಒಂದು ಒಣದು, ಇನ್ನೊಂದು ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಎರಡರ ಸೆಂಟಿಗ್ರೇಡ್ ಡಿಗ್ರಿಗಳನ್ನು ಕೂಡಿಸಿ, 0.72ರಿಂದ ಗುಣಿಸಿ, 40.6 ಸೇರಿಸಬೇಕು. ಬಂದುದೇ ಸೆಕೆಯ ಸೂಚ್ಯಂಕ.

ಬಳ್ಳಾರಿಯಲ್ಲಿ ಒಣದು 38, ಒದ್ದೆಯದು 22 ಇದೆಯೆನ್ನಿ. ಲೆಕ್ಕ ಸುಮಾರು 84 ಆಗುತ್ತದೆ. ಚೆನ್ನೈಯಲ್ಲಿ ಒಣದು 34 ಮಾತ್ರ, ಒದ್ದೆಯದು 28 ಆದರೆ 85 ದಾಟುತ್ತದೆ. ನಾಲ್ಕು ಡಿಗ್ರಿ ತಂಪಾದ ಊರಿನಲ್ಲಿ ಹಸುವಿಗೆ ಹೆಚ್ಚು ಸೆಕೆ!

ಈ ಬಗೆಯ ಲೆಕ್ಕ ಮೊದಲು ಹುಟ್ಟಿದ್ದು 1959ರಲ್ಲಿ, ಅಮೆರಿಕದಲ್ಲಿ, ಮನುಷ್ಯರ ಸೆಕೆಗಾಗಿ. ಆಮೇಲೆ ಹಸುವಿಗೆ ಹೊಂದಿಸಿದರು. 72 ದಾಟಿದರೆ ಕಷ್ಟವೆಂದು ಬಹುಕಾಲ ಎಣಿಸಿದ್ದರು. ಬಹಳ ಹಾಲು ಕೊಡುವ ಹಸುವಿಗೆ 68ರಿಂದಲೇ ಎಂದು 2009ರಲ್ಲಿ ಅರಿಜೋನಾದ ಪಂಡಿತರು ತಿದ್ದಿದರು. ಆದರೆ ನಮ್ಮ ಚೆನ್ನೈಯಲ್ಲಿ ಸಂಕ್ರಾಂತಿಯ ತಂಪಿನಲ್ಲೂ, 24ಕ್ಕೆ 21 ಎಂದಿಟ್ಟರೆ, 73 ಬರುತ್ತದೆ. ಹಾಗಾದರೆ ಇಲ್ಲಿ ಹಸುವೇ ಬದುಕಬಾರದಷ್ಟೆ? ಆ ಗೆರೆ ಸೀಮೆಯ ತಳಿಗಳಿಗೆ ಎಳೆದದ್ದು. ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತನಾಡುವ ಲಿಂಗಾಯತರು ಸಾಕುವ ಕಂದು-ಬಿಳಿ ದನ, ನಮ್ಮ ಹಳ್ಳಿಕಾರ್, ಇವು ಅದಕ್ಕಿಂತ ಹೆಚ್ಚು ಸೆಕೆ ತಡೆಯುತ್ತವೆ. ಹಾಲೇನೋ ಸ್ವಲ್ಪವೇ. ಹಾಲು ಹೆಚ್ಚಿದಷ್ಟೂ ಮೇವು ಹೆಚ್ಚು, ಮೇವು ಹೆಚ್ಚಿದಷ್ಟೂ ಮೈಯೊಳಗಿನ ಕಾವು ಹೆಚ್ಚು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯೇ ಒಂದು ಒಲೆ.

ಇನ್ನೊಂದು ಕೊರತೆ: ಬಿಸಿಲಿನ ಝಳ, ಬೀಸುವ ಗಾಳಿ, ಕಾದ ತಗಡು, ಇವು ಯಾವುವೂ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅಕ್ಕನ ಕೊಟ್ಟಿಗೆಗೆ ಹೊದಿಸಿದ್ದು ತಗಡಿನ ಷೀಟು.

ಇವೆಲ್ಲವನ್ನೂ ಒಟ್ಟಿಗೆ ಅಳೆಯುವ ಯಂತ್ರ ಹಸುವಿನ ಪಕ್ಕೆಯೇ. ದೂರ ನಿಂತು, ಅದನ್ನು ಬೆದರಿಸದೆ, ಗಡಿಯಾರ ಹಿಡಿದು ಪಕ್ಕೆಯ ಏರಿಳಿತವನ್ನು ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಬೇಕು. ಏರಿ ಇಳಿದರೆ ಒಂದು ಉಸಿರು. ನಿಮಿಷಕ್ಕೆ 20–40 ಇದ್ದರೆ ಚಿಂತೆಯಿಲ್ಲ. 60 ದಾಟಿದರೆ ಸೆಕೆ ಹತ್ತಿದೆ. ಬಾಯಿ ತೆರೆದು ಜೊಲ್ಲು ಸುರಿಸಿ ನಾಲಗೆ ಚಾಚಿದರೆ ತಡಮಾಡಬಾರದು. ಮಧ್ಯಾಹ್ನವೊಮ್ಮೆ, ನಸುಕಿನಲ್ಲೊಮ್ಮೆ ಎಣಿಸುವುದು ಒಳ್ಳೆಯದು. ನಸುಕಿನ ತಂಪಿಗೂ ಉಸಿರು ಇಳಿಯದೆ, ಮೈಯುಷ್ಣ ವಾಡಿಕೆಯ 38.5ಕ್ಕಿಂತ ಬಹಳ ಮೇಲಿದ್ದರೆ ಜ್ವರದ ಶಂಕೆ, ಪಶುವೈದ್ಯರನ್ನು ಕರೆಸಬೇಕು. ಹಾಲಿನ ಇಳಿತ ಒಂದೆರಡು ದಿನ ತಡವಾಗಿ ಕಾಣುತ್ತದಾದ್ದರಿಂದ ಅದನ್ನೇ ಕಾಯುತ್ತ ಕೂರಬಾರದು.

ಫೋನಿನಲ್ಲೇ ಅಕ್ಕನ ಮಗನಿಂದ ಎಣಿಸಿದೆ. ಮಧ್ಯಾಹ್ನ ಎರಡಕ್ಕೆ 84, ಬೆಳಗಿನ ಐದಕ್ಕೆ 34. ಜ್ವರವಲ್ಲ, ಸೆಕೆ. ಷೀಟಿನ ಮೇಲೆ ತೆಂಗಿನ ಗರಿ ಹೊದಿಸಿದರು. ನೀರಿನ ತೊಟ್ಟಿಯನ್ನು ನೆರಳಿಗೆ ತಂದು ಹಗಲಿರುಳು ತುಂಬಿಟ್ಟರು. ಹಿಂಡಿ, ಮೇವಿನ ಹೆಚ್ಚು ಪಾಲನ್ನು ನಸುಕಿಗೂ ರಾತ್ರಿಗೂ ಸರಿಸಿದರು. ಮಧ್ಯಾಹ್ನ ಮೈಮೇಲೆ ನೀರೆರಚಿ ಫ್ಯಾನು ಹಾಕಿದರು. ಗಾಳಿಯಿಲ್ಲದೆ ಬರಿಯ ನೀರು ಚೆಲ್ಲಿದರೆ, ನಮ್ಮ ಚೆನ್ನೈಯಂಥ ಊರಿನಲ್ಲಿ, ಕೊಟ್ಟಿಗೆ ಇನ್ನಷ್ಟು ಉಬ್ಬೆಯಾಗುತ್ತದೆಂಬುದನ್ನು ಮರೆಯಬಾರದು.

ನಾಲ್ಕನೆಯ ದಿನ ಮಧ್ಯಾಹ್ನದ ಎಣಿಕೆ 56ಕ್ಕೆ ಬಂತು. ಮೇ ಕಳೆಯುವಷ್ಟರಲ್ಲಿ ಹಾಲು 12 ಲೀಟರಿಗೆ ಏರಿತು; ಆ ಸೂಲಿನಲ್ಲಿ ಮತ್ತೆ 14 ಆಗಲಿಲ್ಲ. ಸಾಲದ ಕಂತು ಇನ್ನೂ ಏಳು ಉಳಿದಿದೆ.