ಗಾಲಿಮನೆಯ ತಂಪು

(ಬಾನುಲಿ ಭಾಷಣ)

ಕನ್ನಡದಲ್ಲಿ ‘ತಣ್’ ಎಂಬ ಹಳೆಯದೊಂದು ಮೂಲರೂಪವುಂಟು. ತಣ್ಣಗೆ, ತಣ್ಪು, ತಂಪು ಎಂಬ ಮಾತುಗಳೆಲ್ಲ ಅದರ ಸಂತಾನ. ‘ತಣಿ’ ಎಂಬ ಕ್ರಿಯಾಪದವೂ ಅದೇ ಕುಲದ್ದು. ತಣಿಯುವುದೆಂದರೆ ಬಿಸಿ ಆರುವುದು. ತಣಿಯುವುದೆಂದರೆ ತೃಪ್ತಿ ಹೊಂದುವುದು. ಬಿಸಿಲಿನ ನಾಡಿನ ಜನ ತಂಪಿಗೂ ತೃಪ್ತಿಗೂ ಒಂದೇ ಬೇರಿನ ಮಾತನ್ನು ಬಳಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಬಳ್ಳಾರಿ-ಹೊಸಪೇಟೆ ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ ಎಂದು ಜನ ನಗೆಯಾಡುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟಿ ಮುಂದೆ ಹೋಗುವ ಈ ಸೀಮೆಗೆ ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಬರುವವರಿದ್ದಾರೆ. ಅವರ ಮನೆಯ ಚಾವಣಿಯ ಮೇಲಿನ ಹವಾನಿಯಂತ್ರಕ ಹಳೆಯದಾದಾಗ ಏನು ಮಾಡಬೇಕು ಎಂಬುದು ಈ ಹೊತ್ತಿನ ವಿಷಯ.

ಗಾಲಿಮನೆ ನಮಗೆ ತೀರ ಹೊಸದೇನೂ ಅಲ್ಲ. ಹಂಪೆಯ ಚೈತ್ರದ ರಥೋತ್ಸವಕ್ಕೆ ಕಮಾನು ಕಟ್ಟಿದ ಬಂಡಿಯಲ್ಲಿ ಬಂದು, ಅದರಲ್ಲೇ ಉಂಡು ಮಲಗಿ ಹೋಗುತ್ತಿದ್ದವರನ್ನು ಕಂಡವರು ಇನ್ನೂ ಇದ್ದಾರೆ. 2008ರಲ್ಲಿ ಓಡಲು ತೊಡಗಿದ ‘ಸುವರ್ಣ ರಥ’ ಎಂಬ ವಿಲಾಸಿ ರೈಲು ಹೆಸರನ್ನು ಪಡೆದದ್ದೇ ಹಂಪೆಯ ಕಲ್ಲಿನ ತೇರಿನಿಂದ. ಹಂಪೆಯನ್ನು ನೋಡುವವರಿಗಾಗಿ ಅದು ಹೊಸಪೇಟೆಯಲ್ಲಿ ನಿಂತದ್ದನ್ನು ನೀವು ನೋಡಿರಬಹುದು. ಈಚೆಗೆ ರಸ್ತೆಯ ಮೇಲೂ ಇಂಥ ಮನೆಗಳು ಕಾಣಿಸುತ್ತಿವೆ. ಕ್ಯಾರವಾನ್ ಎಂದು ಅವುಗಳ ರೂಢಿಯ ಹೆಸರು. ನಾನು ಗಾಲಿಮನೆ ಎನ್ನುತ್ತೇನೆ. ರಾಜ್ಯದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಅವುಗಳಿಗೂ ಒಂದು ಸ್ಥಾನ ದೊರೆತಿದೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಒಳಗೆ. ನೆತ್ತಿಯ ಮೇಲೆ ಮಾತ್ರ ಒಂದು ಪೆಟ್ಟಿಗೆ. ತಂಪೆಲ್ಲ ಆ ಪೆಟ್ಟಿಗೆಯ ಕೈಯಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂಥ ಒಂದು ಬಳಸಿದ ವಾಹನವನ್ನು ಕೊಂಡು, ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಕಳೆದ ಬೇಸಗೆಯಲ್ಲಿ ಅದರ ಯಂತ್ರ ಸದ್ದು ಮಾಡುತ್ತಿತ್ತು, ತಂಪು ಕೊಡುತ್ತಿರಲಿಲ್ಲ. ರಿಪೇರಿಗೆ ಬಂದ ಹುಡುಗ, ‘ಗ್ಯಾಸ್ ತುಂಬಿಸಿದ್ರೆ ಈ ಬ್ಯಾಸಿಗಿ ಕಳೀತೈತ್ರಿ ಸಾರ್’ ಎಂದನಂತೆ. ‘ಮೇಷ್ಟ್ರೇ, ತುಂಬಿಸಲೋ, ಬದಲಾಯಿಸಲೋ?’ ಎಂದು ಇವರು ನನ್ನನ್ನು ಕೇಳಿದರು. ವ್ಯಾಕರಣ ಕಲಿಸಿದವನನ್ನು ಕೇಳುವ ಪ್ರಶ್ನೆಯಲ್ಲ ಅದು. ಆದರೂ ಓದಿ, ತಿಳಿದವರನ್ನು ವಿಚಾರಿಸಿ ನೋಡಿದೆ. ನೋಡಿದಷ್ಟೂ ವಿಷಯ ದೊಡ್ಡದಾಯಿತು.

ಮೊದಲು ತಿಳಿಯಬೇಕಾದದ್ದು ಇಷ್ಟು: ಹವಾನಿಯಂತ್ರಕ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತದೆ, ಅಷ್ಟೆ. ಒಳಸುರುಳಿಯಲ್ಲಿ ಹರಿಯುವ ದ್ರವ ಕೋಣೆಯ ಬಿಸಿಯನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಸುರುಳಿಗೆ ನೂಕುತ್ತದೆ. ಅಲ್ಲಿ ಅದು ಬಿಸಿಯನ್ನು ಗಾಳಿಗೆ ಕೊಟ್ಟು ಮತ್ತೆ ದ್ರವವಾಗಿ ಒಳಗೆ ಮರಳುತ್ತದೆ. ಬಾವಿಯಿಂದ ನೀರು ಸೇದುವ ಕೊಡದ ಹಾಗೆ ಈ ಅನಿಲ. ಎಷ್ಟು ಸೇದಿದರೂ ಕೊಡ ಸವೆಯುವುದಿಲ್ಲ. ಆದ್ದರಿಂದ ‘ಗ್ಯಾಸ್ ಮುಗಿದಿದೆ’ ಎಂಬ ಮಾತಿಗೆ ಒಂದೇ ಅರ್ಥ: ಎಲ್ಲಿಯೋ ತೂತಾಗಿದೆ. ತೂತು ಮುಚ್ಚದೆ ತುಂಬಿಸುವುದು ಒಡಕು ಮಡಕೆಗೆ ನೀರು ಹೊಯ್ಯುವ ಕೆಲಸ. ಅದರಲ್ಲೂ ಗಾಲಿಮನೆಯ ಚಾವಣಿಯ ಯಂತ್ರಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಅನಿಲ ತುಂಬಿ, ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಮತ್ತೆ ತುಂಬಿಸಲು ಬಾಯಿಯನ್ನೇ ಇಟ್ಟಿರುವುದಿಲ್ಲ.

ಹಾಗೆಂದು ತಂಪು ಕಡಿಮೆಯಾದೊಡನೆ ಯಂತ್ರ ಸತ್ತಿತೆಂದು ತೀರ್ಮಾನಿಸಬಾರದು. ಇದನ್ನು ಸಂಡೂರಿನ ರಸ್ತೆ ಕಲಿಸುತ್ತದೆ. ಅಲ್ಲಿಯ ಬೆಟ್ಟಗಳ ಕಬ್ಬಿಣದ ಅದಿರಿನ ಕೆಂಧೂಳಿ ಮರದ ಎಲೆಯನ್ನೂ ಬಿಡುವುದಿಲ್ಲ, ಮನೆಯ ಗೋಡೆಯನ್ನೂ ಬಿಡುವುದಿಲ್ಲ. ಆ ಧೂಳು ಹೊರಸುರುಳಿಯ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೂತರೆ, ಹೊತ್ತು ತಂದ ಬಿಸಿಯನ್ನು ಯಂತ್ರ ಚೆಲ್ಲುವುದೆಲ್ಲಿ? ಒತ್ತಡ ಏರುತ್ತದೆ, ಕಂಪ್ರೆಸರ್ ಕಾಯುತ್ತದೆ, ನಿಲ್ಲುತ್ತದೆ. ರೆಕ್ಕೆ ಬಾಗದಂತೆ ತೊಳೆದು, ಒಳಗಿನ ಜಾಲರಿಯನ್ನು ಶುಚಿ ಮಾಡಿ, ಕೆಲವು ನೂರು ರೂಪಾಯಿಗಳಲ್ಲಿ ದೊರೆಯುವ ಕೆಪಾಸಿಟರನ್ನು ಪರೀಕ್ಷಿಸಿದ ಮೇಲೆ ಒಂದು ಉಷ್ಣಮಾಪಕವನ್ನು ಹಿಡಿದು ನೋಡಬೇಕು. ಯಂತ್ರ ಒಳಗೆಳೆಯುವ ಗಾಳಿಗೂ ಹೊರಬಿಡುವ ಗಾಳಿಗೂ ಹತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಅಂತರವಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ತಪ್ಪು ಬೇರೆಲ್ಲೋ ಇದೆ. ಶುಚಿ ಮಾಡಿದ ಮೇಲೂ ಅಂತರ ಕಾಣದಿದ್ದರೆ, ಕಂಪ್ರೆಸರೇ ಕೆಟ್ಟಿದ್ದರೆ, ಕೊಳವೆ ಸೋರುತ್ತಿದ್ದರೆ, ಆಗ ಬದಲಾಯಿಸುವ ಮಾತು.

ಆ ಮಾತು ಬಂದಾಗ ತಡಮಾಡುವುದೂ ಜಾಣತನವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಈ ಸೀಮೆಯ ಯಾರೂ ಮರೆತಿಲ್ಲ. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದ ಕೆಲಸಗಾರರ ಸಾಹಸ ದೊಡ್ಡದು. ಆದರೆ ಏಳು ದಶಕ ದುಡಿದ ಕಬ್ಬಿಣ ತಾನಾಗಿ ಮುರಿಯುವ ದಿನದವರೆಗೆ ಕಾಯಬಾರದು ಎಂಬ ಪಾಠವೂ ಅಷ್ಟೇ ದೊಡ್ಡದು. ಅಣೆಕಟ್ಟಿಗೆ ಹೇಳಿದ ಈ ಮಾತು ನೆತ್ತಿಯ ಮೇಲಿನ ಪೆಟ್ಟಿಗೆಗೂ ಸಲ್ಲುತ್ತದೆ. ಮೇ ತಿಂಗಳ ನಡುಹಗಲಿನಲ್ಲಿ, ಮಕ್ಕಳು ಮುದುಕರು ಒಳಗಿರುವಾಗ ಅದು ನಿಂತರೆ, ತಗಡಿನ ಆ ಮನೆ ಒಲೆಯಾಗುತ್ತದೆ.

ಹೊಸ ಯಂತ್ರ ಎಷ್ಟು ದೊಡ್ಡದಿರಬೇಕು? ಯಂತ್ರದ ಶಕ್ತಿಯನ್ನು ಟನ್ನುಗಳಲ್ಲಿ ಹೇಳುವುದು ರೂಢಿ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗುವಾಗ ಎಷ್ಟು ಬಿಸಿಯನ್ನು ಹೀರುವುದೋ ಅದೇ ಆ ಅಳತೆ. ಗಂಟೆಗೆ 12,000 ಬಿ.ಟಿ.ಯು. ಗಾಲಿಮನೆಯ ಚಾವಣಿಗೆಂದು ದೊರೆಯುವ ಯಂತ್ರಗಳಲ್ಲಿ 13,500 ಮತ್ತು 15,000 ಬಿ.ಟಿ.ಯು. ಎಂಬ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ದೊಡ್ಡದನ್ನು ತಂದರೆ ಹೆಚ್ಚು ತಂಪು ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಕಂಪ್ಲಿಯ ಕಡೆ ಹೋಗಿ ನೋಡಿ. ಹೊಳೆ, ಕಾಲುವೆ, ನೀರು ನಿಂತ ಗದ್ದೆ. ಅಲ್ಲಿಯ ಗಾಳಿಯಲ್ಲಿ ಬಿಸಿಯೊಡನೆ ತೇವವೂ ಇರುತ್ತದೆ. ತೇವವನ್ನು ಹಿಂಡಿ ತೆಗೆಯಲು ಯಂತ್ರ ಒಂದೇ ಸಮನೆ ಬಹಳ ಹೊತ್ತು ನಡೆಯಬೇಕು. ಅಳತೆ ಮೀರಿದ ಯಂತ್ರ ಗಾಳಿಯನ್ನು ಬೇಗ ತಣಿಸಿ ಬೇಗ ನಿಲ್ಲುತ್ತದೆ. ಮೈ ಮಾತ್ರ ಅಂಟಂಟಾಗಿಯೇ ಉಳಿಯುತ್ತದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಒಂದು ಮುದ್ರಣಾಲಯಕ್ಕೆ ತನ್ನ ಯಂತ್ರವನ್ನು ರೂಪಿಸಿದ್ದು ಕಾಗದ ತೇವದಿಂದ ಹಿಗ್ಗುವುದನ್ನು ತಡೆಯಲಿಕ್ಕೆ ಎಂಬುದನ್ನು ಇಲ್ಲಿ ನೆನೆಯಬಹುದು. ಹವಾನಿಯಂತ್ರಣ ಹುಟ್ಟಿದ್ದೇ ತೇವದ ನಿಯಂತ್ರಣವಾಗಿ.

ಯಂತ್ರವನ್ನು ಹಿಗ್ಗಿಸುವುದಕ್ಕಿಂತ ಬಿಸಿಯನ್ನು ಕುಗ್ಗಿಸುವುದು ಲೇಸು. ಕಾಳಿದಾಸನ ಋತುಸಂಹಾರ ಗ್ರೀಷ್ಮದಿಂದಲೇ ಮೊದಲಾಗುತ್ತದೆ. ಬೇಸಗೆಯ ಸುಖಗಳನ್ನು ಹೇಳುವಾಗ ಕವಿ ‘ಜಲಯಂತ್ರಮಂದಿರ’ವನ್ನು ಸ್ಮರಿಸುತ್ತಾನೆ. ಹಂಪೆಯ ಕಮಲಮಹಲಿನ ತೆರೆದ ಕಮಾನುಗಳೂ ದಪ್ಪ ಗಾರೆಯ ಗೋಡೆಗಳೂ ನೆರಳು ಮತ್ತು ಗಾಳಿಗೆ ಎಡೆಮಾಡಿಕೊಡುತ್ತವೆ. ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆಯ ಮನೆಯೂ ಅದೇ ವಿವೇಕದ ಬಡವರ ರೂಪ. ಗಾಲಿಮನೆಯ ಗೋಡೆ ತೆಳು ತಗಡು. ಅದಕ್ಕೆ ಮಣ್ಣು ಮೆತ್ತಲಾಗದು; ಆದರೆ ಚಾವಣಿಗೆ ಬಿಳಿಯ ಬಣ್ಣ, ಗಾಜಿಗೆ ಪರದೆ, ಗೋಡೆಯೊಳಗೆ ಬಿಸಿತಡೆಯ ಪದರ, ನಿಲ್ಲಿಸಲು ಮರದ ನೆರಳು, ಇಷ್ಟನ್ನು ಕೊಡಬಹುದು. ಹಂಪೆಯಲ್ಲಿ ಇನ್ನೊಂದು ಎಚ್ಚರ ಬೇಕು. ಹಗಲೆಲ್ಲ ಕಾದ ಬಂಡೆ ಇರುಳು ಬಿಸಿಯನ್ನು ಬಿಡುತ್ತದೆ. ಬಂಡೆಯ ಮಗ್ಗುಲಿಗೆ ಗಾಡಿ ನಿಲ್ಲಿಸಿದವನು ಹಗಲಿನ ಬಿಸಿಲನ್ನು ಇರುಳಿಗೂ ಕರೆದುಕೊಂಡಂತೆ.

ಇನ್ನು ಕೂಡಿಸುವ ಕೆಲಸ. ಮಣ್ಣಿನ ಮಾಳಿಗೆಗೆ ಬೆಳಕಿಗೆಂದು ಒಂದು ಗವಾಕ್ಷಿ ಇರುತ್ತದೆ. ಮಳೆಯ ಹನಿ ಬಿದ್ದೊಡನೆ ಅದನ್ನು ಮುಚ್ಚಿ ಬಾ ಎಂದು ಹುಡುಗರನ್ನು ಓಡಿಸುತ್ತಿದ್ದರು. ಗಾಲಿಮನೆಯ ಚಾವಣಿಗೂ ಒಂದು ಗವಾಕ್ಷಿ ಉಂಟು. ಅಮೆರಿಕದ ಮಾದರಿಯಲ್ಲಿ ಅದು ಹದಿನಾಲ್ಕೂಕಾಲು ಅಂಗುಲದ ಚೌಕ. ಯುರೋಪಿನ ಮಾದರಿಯಲ್ಲಿ 40 ಸೆಂಟಿಮೀಟರಿನದು. ಹಳೆಯ ಯಂತ್ರವನ್ನು ಇಳಿಸುವ ಮೊದಲೇ ಇದನ್ನು ಅಳೆದುಕೊಳ್ಳಬೇಕು. ಯಂತ್ರದ ತೂಕ 35ರಿಂದ 45 ಕಿಲೋ. ಎತ್ತಲು ಇಬ್ಬರಾದರೂ ಬೇಕು, ಹೊರಲು ಚಾವಣಿಯ ಅಡ್ಡಪಟ್ಟಿಗಳು ಗಟ್ಟಿಯಾಗಿರಬೇಕು. ಗವಾಕ್ಷಿಯ ಸುತ್ತ ಮರವೋ ತಗಡೋ ಕೊಳೆತಿದ್ದರೆ ಮೊದಲು ಅದರ ದುರಸ್ತಿ. ಯಂತ್ರದ ಅಡಿಯಲ್ಲಿ ಮೆತ್ತನೆಯ ಪಟ್ಟಿಯೊಂದು ಇರುತ್ತದೆ. ಒಳಗಿನಿಂದ ನಾಲ್ಕು ಉದ್ದ ಬೋಲ್ಟುಗಳು ಯಂತ್ರವನ್ನು ಕೆಳಕ್ಕೆ ಎಳೆದು ಆ ಪಟ್ಟಿಯನ್ನು ಅರ್ಧದಷ್ಟು ಒತ್ತಬೇಕು. ನಾಲ್ಕನ್ನೂ ಸರಿಸಮನಾಗಿ ಬಿಗಿಯಬೇಕು. ಸಡಿಲವಾದರೆ ಮಳೆ ಸೋರುತ್ತದೆ. ಅತಿಯಾಗಿ ಬಿಗಿದರೆ ಪಟ್ಟಿ ಸತ್ತು ಆಗಲೂ ಸೋರುತ್ತದೆ. ಒಳಗೆ ತಂಪು ಗಾಳಿ ಇಳಿಯುವ ಹಾದಿಗೂ ಬಿಸಿ ಗಾಳಿ ಏರುವ ಹಾದಿಗೂ ನಡುವೆ ಒಂದು ತಡೆ ಇರುತ್ತದೆ. ಅದರಲ್ಲಿ ಸಂದು ಉಳಿದರೆ ತಂಪು ಕೋಣೆಗೆ ಬಾರದೆ ಮೇಲಿಂದ ಮೇಲೆಯೇ ಮರಳಿಹೋಗುತ್ತದೆ. ಹೊಸ ಯಂತ್ರ ಹಾಕಿಯೂ ಸೆಕೆ ಹೋಗಲಿಲ್ಲವೆಂಬ ದೂರುಗಳಿಗೆ ಇದೊಂದು ಕಾರಣ.

ವಿದ್ಯುತ್ತಿನ ವಿಷಯದಲ್ಲಿ ಹೊಸಪೇಟೆಯಂಥ ಊರಿನಲ್ಲಿ ನಿಲ್ಲುವವರು ಮುಖ್ಯವಾಗಿ ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ಹೊರದೇಶದಿಂದ ಬಂದ ಯಂತ್ರದ ಜಾತಿ. ಅಮೆರಿಕದ ಯಂತ್ರ ಬೇಡುವುದು 115 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟನ್ನು ಇಳಿಸಬಹುದು. ಹರ್ಟ್ಸನ್ನು ಬದಲಿಸಲು ಅದರಿಂದ ಆಗದು. ಎರಡನೆಯದು, ಮೋಟಾರು ಹೊರಡುವ ಕ್ಷಣದಲ್ಲಿ ನಡೆಯುವ ಹೊತ್ತಿಗಿಂತ ಹಲವು ಪಾಲು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಆದ್ದರಿಂದ ದೀಪಕ್ಕೆಂದು ಇಟ್ಟ ಸಣ್ಣ ಪ್ಲಗ್ಗಿಗೆ ಇದನ್ನು ಸಿಕ್ಕಿಸುವುದು ಬೆಂಕಿಯೊಡನೆ ಆಟ. ದೊಡ್ಡ ಪವರ್ ಪ್ಲಗ್, ದಪ್ಪ ತಂತಿ, ಸರಿಯಾದ ಭೂಸಂಪರ್ಕ ಬೇಕು. ಬಸ್ಸಿನ ಮಾದರಿಯಲ್ಲಿ ಎಂಜಿನ್ನಿನಿಂದ ತಿರುಗುವ ಯಂತ್ರಗಳೂ ಉಂಟು; ಅವು ಎಂಜಿನ್ ನಿಂತರೆ ನಿಲ್ಲುತ್ತವೆ, ಇರುಳಿನ ನಿದ್ದೆಗೆ ಉಪಯೋಗವಿಲ್ಲ.

ಇದೇ ಸಮಸ್ಯೆಯನ್ನು ರೈಲ್ವೆ ದೊಡ್ಡ ಪ್ರಮಾಣದಲ್ಲಿ ಎದುರಿಸಿದೆ. ಹಿಂದೆ ಡಬ್ಬಿಯ ನೆಲದ ಕೆಳಗೆ ಯಂತ್ರವನ್ನು ತೂಗುಹಾಕಿ, ಉದ್ದ ಕೊಳವೆಗಳನ್ನು ಎಳೆಯುತ್ತಿದ್ದರು. ಕೊಳವೆಗಳ ಕೀಲುಗಳಲ್ಲಿ ಅನಿಲ ಸೋರುತ್ತಿತ್ತು. ಈಗ ಡಬ್ಬಿಯ ಎರಡು ತುದಿಗಳಲ್ಲಿ, ಚಾವಣಿಯ ಮೇಲೆ, ಅನಿಲ ತುಂಬಿ ಮುಚ್ಚಿದ ಇಡೀ ಯಂತ್ರವನ್ನೇ ಕೂಡಿಸುತ್ತಾರೆ. ಕೆಟ್ಟರೆ ಕ್ರೇನಿನಿಂದ ಪೂರ್ತಿ ಎತ್ತಿ ಇನ್ನೊಂದನ್ನು ಇಳಿಸುತ್ತಾರೆ. ಇಳಿಸಿದ್ದನ್ನು ಕಾರ್ಯಾಗಾರಕ್ಕೆ ಒಯ್ಯುತ್ತಾರೆ. ಈ ಕೊನೆಯ ಮಾತೇ ನಮಗೆ ಮುಖ್ಯ. ನಾವು ಇಳಿಸಿದ ಯಂತ್ರ ಎಲ್ಲಿಗೆ ಹೋಗುತ್ತದೆ?

ಬಹುಮಟ್ಟಿಗೆ ಗುಜರಿಗೆ. ತಾಮ್ರದ ಆಸೆಗೆ ಯಾರೋ ಕೊಳವೆಯನ್ನು ಕತ್ತರಿಸುತ್ತಾರೆ. ಬುಸ್ಸೆಂದು ಅನಿಲ ಹೊರಡುತ್ತದೆ. ಹಳೆಯ ಯಂತ್ರದಲ್ಲಿ ಅದು ಆರ್-22 ಇರುವ ಸಂಭವ ಹೆಚ್ಚು. ಅದರಲ್ಲಿರುವ ಕ್ಲೋರಿನ್ ಭೂಮಿಯ ಓಝೋನ್ ಹೊದಿಕೆಯನ್ನು ಹರಿಯುತ್ತದೆ. ಇಂಥ ಅನಿಲಗಳ ಅಪಾಯವನ್ನು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿಕೊಟ್ಟರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ನಮ್ಮ ದೇಶ 1992ರಲ್ಲಿ ಅದನ್ನು ಸೇರಿತು. ನಮ್ಮಂಥ ದೇಶಗಳಲ್ಲಿ ಆರ್-22ರ ಬಳಕೆ ಹಂತಹಂತವಾಗಿ ಕುಗ್ಗಿ 2030ರ ಹೊತ್ತಿಗೆ, ದುರಸ್ತಿಗೆ ಬೇಕಾದ ಅಲ್ಪಾಂಶವನ್ನು ಬಿಟ್ಟು, ನಿಲ್ಲಬೇಕು. ಅದು ಭೂಮಿಯನ್ನು ಕಾಯಿಸುವುದೂ ಉಂಟು: ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-22 ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅದರ ಬದಲಿಗೆ ಬಂದ ಆರ್-410ಎ ಓಝೋನನ್ನು ಕೆಡಿಸದು. ಕಾಯಿಸುವುದರಲ್ಲಿ ಮಾತ್ರ ಇನ್ನೂ ಬಲಶಾಲಿ. ಆರ್-32 ಅದರ ಮೂರನೆಯ ಒಂದು ಪಾಲಿನಷ್ಟು. ಆದರೆ ಸ್ವಲ್ಪ ಉರಿಯುವ ಗುಣವುಳ್ಳದ್ದು, ಬಲ್ಲವರ ಕೈಯಲ್ಲಿ ಇರಬೇಕಾದದ್ದು.

ಕತ್ತರಿಸುವ ಕೈಗೂ ಇದರಲ್ಲಿ ಅಪಾಯವುಂಟು. ಚಿಮ್ಮಿದ ದ್ರವ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ; ಬೆಸುಗೆಯ ಜ್ವಾಲೆಗೆ ಸಿಕ್ಕಿದ ಆರ್-22 ವಿಷವಾಯುವಾಗುತ್ತದೆ. ಆ ಕೈ ಹಲವು ಸಲ ಹದಿನೆಂಟು-ಇಪ್ಪತ್ತರ ಹುಡುಗನದು. ಅನಿಲವನ್ನು ಹೀರಿ ಸಿಲಿಂಡರಿಗೆ ತುಂಬುವ ಯಂತ್ರ ಅವನ ಬಳಿ ಇರುವುದಿಲ್ಲ. ಇರುವ ಅಂಗಡಿಗೆ ಒಯ್ಯಲು ನಾವು ಹಣ ಕೊಡುವುದಿಲ್ಲ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳಲ್ಲಿ ಹವಾನಿಯಂತ್ರಕವೂ ಸೇರಿದೆ. ಅದನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ನಿಯಮವನ್ನು ನಡೆಸುವುದು ಸರ್ಕಾರದ ಹೊಣೆ. ಹೊಸದನ್ನು ಕೊಳ್ಳುವಾಗಲೇ ಹಳೆಯದರ ಗತಿ ಏನೆಂದು ಅಂಗಡಿಯವರನ್ನು ಕೇಳುವುದು, ಅದಕ್ಕೆ ತಗುಲುವ ಹಣವನ್ನು ಬೆಲೆಯ ಭಾಗವೆಂದೇ ಎಣಿಸುವುದು ನಮ್ಮ ಹೊಣೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದೂ ಇಷ್ಟನ್ನೇ. ತೊಳೆದು ನೋಡಿ, ಸೋರುತ್ತಿದ್ದರೆ ತುಂಬಿಸಬೇಡಿ, ಬದಲಾಯಿಸಿ. ಗವಾಕ್ಷಿಯನ್ನು ಅಳೆಯಿರಿ, ಪ್ಲಗ್ಗನ್ನು ನೋಡಿ, ಮನೆಗೆ ನೆರಳು ಕೊಡಿ, ಅಳತೆಗೆ ಮೀರಿದ್ದನ್ನು ತರಬೇಡಿ. ಹಳೆಯ ಯಂತ್ರವನ್ನು ಅನಿಲ ಹೀರಿ ತೆಗೆಯಬಲ್ಲವರ ಕೈಗೇ ಒಪ್ಪಿಸಿ, ರಸೀದಿ ಪಡೆಯಿರಿ. ಒಂದು ಮನೆಯ ಬಿಸಿಯನ್ನು ಹೊರಗೆ ಚೆಲ್ಲಿದಾಗ ಆ ಹೊರಗೂ ಯಾರದೋ ಮನೆಯೇ ಆಗಿರುತ್ತದೆ. ಗಾಲಿಮನೆಯಲ್ಲಿರುವವನು ನಾಳೆ ಬೇರೆ ಊರಿಗೆ ಹೋಗಬಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಜನ ಇಲ್ಲಿಯೇ ಇರಬೇಕು.