ಕಾಫಿ ಅಂಗಡಿಯ ತಳಪಾಯ



ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಮ್ಸ್‌ಬರ್ಗ್ ಎಂಬ ಊರಿದೆ. ಬ್ರಿಟಿಷರ ಕಾಲದಲ್ಲಿ ಆ ಪ್ರಾಂತ್ಯಕ್ಕೆ ಇದೇ ರಾಜಧಾನಿ. ಅಲ್ಲಿನ ಶಾಸನಸಭೆಯ ಮಗ್ಗುಲಲ್ಲೇ 1760ರ ದಶಕದಲ್ಲಿ ರಿಚರ್ಡ್ ಚಾರ್ಲ್ಟನ್ ಎಂಬಾತ ಕಾಫಿ ಅಂಗಡಿ ನಡೆಸುತ್ತಿದ್ದ. ಈಗಲೂ ಆ ಜಾಗದಲ್ಲಿ ಆ ಅಂಗಡಿಯನ್ನು ನೋಡಬಹುದು. ಆದರೆ ಅದರ ಬಾಗಿಲು ತೆರೆದದ್ದು 2009ರಲ್ಲಿ!

ಹೊಸ ಕಟ್ಟಡವನ್ನು ಹಳೆಯದೆಂದು ತೋರಿಸುವುದು ಮೋಸವಲ್ಲವೇ ಎಂದು ನೀವು ಕೇಳಬಹುದು. ಉತ್ತರ ಇರುವುದು ಮಣ್ಣಿನಲ್ಲಿ. 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ನಡೆಯಿತು. ಹಳೆಯ ಇಟ್ಟಿಗೆಯ ತಳಪಾಯ ಅಂಗಡಿಯ ಅಳತೆಯನ್ನು ಹೇಳಿತು. ಹಿತ್ತಿಲ ಕಸ ಅಲ್ಲಿಗೆ ಬರುತ್ತಿದ್ದವರು ಯಾರೆಂದು ಹೇಳಿತು. ಪಿಂಗಾಣಿ ಚೂರು, ಬಾಟಲಿಯ ಗಾಜು, ರಾಶಿ ಮೂಳೆ. ಅದರಲ್ಲಿ ನವಿಲಿನದೂ ಒಂದು. ಮನುಷ್ಯನ ಬೆನ್ನುಮೂಳೆಯ ತುಂಡೂ ಸಿಕ್ಕಿತು. ಗಾಬರಿ ಬೇಡ, ಅದು ಶರೀರಶಾಸ್ತ್ರದ ಪಾಠಕ್ಕೆ ಇಟ್ಟಿದ್ದ ಅಸ್ಥಿಪಂಜರದ್ದಿರಬೇಕು ಎಂಬುದು ತಜ್ಞರ ಊಹೆ. ಬರೀ ಕಾಫಿ ಕುಡಿದು ಎದ್ದುಹೋಗುವ ಜಾಗ ಇದಾಗಿರಲಿಲ್ಲ.

ಮಣ್ಣು ಹೇಳದ್ದನ್ನು ಒಂದು ಪತ್ರ ಹೇಳಿತು. ಬ್ರಿಟಿಷ್ ಸಂಸತ್ತು ವಸಾಹತುಗಳ ಕಾಗದಪತ್ರಗಳ ಮೇಲೆಲ್ಲ ಮುದ್ರಾಂಕ ತೆರಿಗೆ ಹೇರಿದ ವರ್ಷ 1765. ಅಕ್ಟೋಬರ್ 30ರಂದು ಮುದ್ರಾಂಕ ಹಂಚುವ ಅಧಿಕಾರಿ ಜಾರ್ಜ್ ಮರ್ಸರ್ ಊರಿಗೆ ಬಂದ. ಜನ ಮುತ್ತಿಕೊಂಡರು. ಕಾಫಿ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದ ಗವರ್ನರ್ ಫ್ರಾನ್ಸಿಸ್ ಫೋಕಿಯರ್ ಕೆಳಗಿಳಿದು, ಮರ್ಸರ್‌ನನ್ನು ಜೊತೆಗೆ ಕರೆದುಕೊಂಡು ಆ ಗುಂಪಿನ ನಡುವೆಯೇ ನಡೆದುಹೋದ. ಮರುದಿನ ಮರ್ಸರ್ ಹುದ್ದೆ ಬಿಟ್ಟ. ಗವರ್ನರ್ ಇದನ್ನೆಲ್ಲ ಲಂಡನ್ನಿಗೆ ಬರೆದ. ಒಳ್ಳೆಯ ವರದಿಗಾರನ ಕಣ್ಣು ಆತನದು: ಜಗಲಿಯನ್ನೂ ಅದರ ಮೆಟ್ಟಿಲನ್ನೂ ಬಿಟ್ಟಿಲ್ಲ. ಜಗಲಿಯನ್ನು ಮತ್ತೆ ಕಟ್ಟುವವರಿಗೆ ಬೇಕಾಗಿದ್ದದ್ದೂ ಅದೇ.

ಇಷ್ಟೇ ಆಗಿದ್ದರೆ ಕಥೆ ಸಲೀಸು. ಆದರೆ ಆ ತಳಪಾಯದ ಮೇಲೆ 1890ರ ಸುಮಾರಿಗೆ ಆರ್ಮಿಸ್ಟೆಡ್ ಎಂಬ ಕುಟುಂಬ ಮನೆ ಕಟ್ಟಿಕೊಂಡಿತ್ತು. 1926ರ ನಂತರ, ರಾಕ್‌ಫೆಲರ್ ಹಣದಿಂದ ಊರನ್ನು ಹದಿನೆಂಟನೇ ಶತಮಾನಕ್ಕೆ ಮರಳಿಸುವ ಕೆಲಸ ಶುರುವಾದಾಗ, ಆಮೇಲಿನ ನೂರಾರು ಕಟ್ಟಡಗಳು ನೆಲಸಮವಾದವು. ಆದರೆ ಈ ಮನೆ ಉಳಿದಿತ್ತು. ನೂರು ವರ್ಷ ಬಾಳಿದ ಮನೆಯೂ ಚರಿತ್ರೆಯೇ ತಾನೆ? ಚಾರ್ಲ್ಟನ್ ಅಂಗಡಿ ನಡೆಸಿದ್ದು ಕೆಲವೇ ವರ್ಷ.

1995ರಲ್ಲಿ ಆ ಮನೆಯನ್ನು ಕೆಡವಲಿಲ್ಲ, ಇಡಿಯಾಗಿ ಎತ್ತಿ ಬೇರೆ ರಸ್ತೆಗೆ ಸಾಗಿಸಿದರು. ಅಗೆತ ಶುರುವಾದದ್ದು ಅದರ ನಂತರ. ನನ್ನನ್ನು ಕೇಳಿದರೆ, ಆ ಅಂಗಡಿ ನೋಡಲು ಹೋದವರು ಈ ಮನೆಯನ್ನೂ ಹುಡುಕಿಕೊಂಡು ಹೋಗಬೇಕು.